ನಮ್ಮತ್ತೆ ಮುದ್ದೆ ಬಿಟ್ಟ ಮಳೆಗಾಲ

ಹೋದ ವಾರ ಹುಣಸೂರಿಗೆ ಹೋಗಿದ್ದವಳು ಪಿರಿಯಾಪಟ್ಟಣದ ಬಸ್ ಹಿಡಿದು ಊರಿಗೆ ಹಿಂತಿರುಗುತ್ತಿದ್ದೆ. ಬೆಳಗಿನಿಂದ ಹಿಡಿದಿದ್ದ ಮಳೆ ನಿಂತು ಹೂಬಿಸಿಲು ಬಂದಿತ್ತು. ಕಿಟಕಿಯ ಗಾಜು ಸರಿಸಿದ್ದೇ ತಡ, ರಸ್ತೆ ಪಕ್ಕದ ಯಾವುದೋ ಬ್ಯಾರನ್ನಿನಿಂದ, ಅಂದರೆ ಎಲೆಯನ್ನು ಕಾವಿನಲ್ಲಿ ಹದ ಮಾಡುವ ಎತ್ತರದ ಮನೆಯಿಂದ, ಹೊಗೆಸೊಪ್ಪು ಬೇಯುವ ವಾಸನೆ ಒಳಗೆ ನುಗ್ಗಿತು. ಸೌದೆಯ ಹೊಗೆಯ ಜೊತೆ ಬೆರೆತ, ಹಳದಿ ತಿರುಗುತ್ತಿರುವ ಎಲೆಯ ಸಿಹಿ ವಾಸನೆ. ಮುಂದಿನ ಸೀಟಿನಲ್ಲಿದ್ದ ಬೈಲಕುಪ್ಪೆಯ ಲಾಮಾ ಒಬ್ಬರು ಶಾಲಿನ ತುದಿಯಿಂದ ಮೂಗು ಮುಚ್ಚಿಕೊಂಡರು. ನಾನು ನಾಚಿಕೆ ಬಿಟ್ಟು ಗಾಜನ್ನು ಇನ್ನಷ್ಟು ಸರಿಸಿ ಮೂಗು ಹೊರಗಿಟ್ಟೆ. ನಮ್ಮ ಮನೆಯಲ್ಲಿ ಹೊಗೆಸೊಪ್ಪು ಬೆಳೆಯುವುದನ್ನು ಬಿಟ್ಟು ಕೆಲವು ವರ್ಷಗಳಾದವು. ಬ್ಯಾರನ್ನಿನಲ್ಲಿ ಈಗ ಜೋಳದ ಕಡ್ಡಿ, ಮುರಿದ ನೇಗಿಲು, ಒಂದು ಹಂಡ ಬೆಕ್ಕಿನ ಸಂಸಾರ ಇದೆ. ಆದರೂ ಆ ವಾಸನೆ ಬಂದರೆ ನನಗೆ ತಡೆಯಲಾರದಷ್ಟು ಹಸಿವಾಗುತ್ತದೆ, ಅದೂ ಬೇಯಿಸಿದ ಮೊಟ್ಟೆ ತಿನ್ನಬೇಕೆನ್ನುವ ಹಸಿವು. ಯಾಕೆಂದು ಹೇಳಬೇಕಾದರೆ ನಮ್ಮತ್ತೆ ಮುದ್ದೆ ಬಿಟ್ಟ ವರ್ಷದ ಕಥೆಯನ್ನೇ ಹೇಳಬೇಕು.

ನಾನು ಹುಟ್ಟಿದ್ದು ಕೃಷ್ಣರಾಜನಗರ ತಾಲ್ಲೂಕಿನ ಭೇರ್ಯದ ಹತ್ತಿರ, ಕಾಲುವೆ ನೀರು ಹರಿಯುವ ಊರಿನಲ್ಲಿ. ಅಲ್ಲಿ ಮೂರು ಹೊತ್ತೂ ಅನ್ನ. ಮದುವೆಯಾಗಿ ಬಂದದ್ದು ಪಿರಿಯಾಪಟ್ಟಣ ತಾಲ್ಲೂಕಿನ ಹೊಗೆಸೊಪ್ಪಿನ ಊರಿಗೆ. ಇಲ್ಲಿ ಮೂರು ಹೊತ್ತೂ ಮುದ್ದೆ. ಹೊಸತರಲ್ಲಿ ನಾನು ತಿರುವಿದ ಮುದ್ದೆಯಲ್ಲಿ ಹಿಟ್ಟಿನ ಗಂಟು ಸಿಕ್ಕರೆ ನಮ್ಮತ್ತೆ ಚಿಕ್ಕತಾಯಮ್ಮ ಬೈಯುತ್ತಿರಲಿಲ್ಲ. ಒಂದೊಂದೇ ಗಂಟನ್ನು ಎತ್ತಿ ತಟ್ಟೆಯ ಅಂಚಿನಲ್ಲಿ ಸಾಲಾಗಿ ಜೋಡಿಸಿ, "ಭೇರ್ಯದೋಳು ಕಡ್ಲೆಕಾಳು ಹಾಕಿ ಮುದ್ದೆ ಮಾಡವ್ಳೆ ನೋಡ್ರಪ್ಪಾ" ಎನ್ನುತ್ತಿದ್ದರು. ಬೈದಿದ್ದರೇ ವಾಸಿಯಿತ್ತು. ಆ ಗಂಟುಗಳು ಕರಗಿ ನನ್ನ ಮುದ್ದೆ ಬೆಣ್ಣೆಯಂತಾಗಲು ವರ್ಷವೇ ಹಿಡಿಯಿತು. ಬೆಣ್ಣೆಯಂತಾಯಿತು ಎಂದು ಹೇಳುವವಳು ನಾನು. ಅತ್ತೆ ಹಾಗೆ ಎಂದೂ ಹೇಳಿದವರಲ್ಲ.

ಅತ್ತೆಯ ಎಡಗಣ್ಣು ಚಿಕ್ಕಂದಿನಲ್ಲೇ ಸಿಡುಬಿಗೆ ಹೋಗಿತ್ತು. ಉಳಿದ ಒಂದು ಕಣ್ಣಿನಲ್ಲಿ ಅವರು ಕಂಡಷ್ಟನ್ನು ಎರಡೂ ಕಣ್ಣಿದ್ದ ನಾವು ಯಾರೂ ಕಾಣುತ್ತಿರಲಿಲ್ಲ. ಬೇಯಿಸಿ ತೆಗೆದ ಸೊಪ್ಪನ್ನು ಬಣ್ಣ ನೋಡಿ ಬೇರೆ ಬೇರೆ ಗ್ರೇಡ್ ಮಾಡಬೇಕಲ್ಲ, ಆ ಕೆಲಸಕ್ಕೆ ಅವರು ಕುಳಿತರೆ ಬೇರೆ ಮನೆಯವರೂ ಬಂದು ಪಕ್ಕದಲ್ಲಿ ಕುಳಿತು ಕಲಿಯುತ್ತಿದ್ದರು. ನಿಂಬೆಹಣ್ಣಿನ ಬಣ್ಣದ್ದು ಇತ್ತ, ಕಿತ್ತಳೆಗೆ ತಿರುಗಿದ್ದು ಅತ್ತ, ಕಂದು ಮಚ್ಚೆ ಬಿದ್ದದ್ದು ಮೂಲೆಗೆ. ಎಲೆಯನ್ನು ಬೆಳಕಿಗೆ ಹಿಡಿದು ಅವರು ಹೇಳಿದ ಮೇಲೆ ಮುಗಿಯಿತು. ಅಂಥ ಕಣ್ಣಿಗೆ ಪೊರೆ ಬಂತು. ಶುರುವಿನಲ್ಲಿ "ಮಂಜು ಕಣಮ್ಮಿ, ಈ ವರ್ಸ ಮಂಜು ಜಾಸ್ತಿ" ಎನ್ನುತ್ತಿದ್ದರು. ಬೇಸಿಗೆಯಲ್ಲೂ ಮಂಜು ಹೋಗದಿದ್ದಾಗ ನಮಗೆ ಅನುಮಾನ ಬಂತು. ಆದರೂ ಇವತ್ತು, ನಾಳೆ ಎಂದು ನಾಲ್ಕೈದು ವರ್ಷ ಕಳೆದುಹೋದವು. ನಾನು ಹೇಳುತ್ತಿರುವ ವರ್ಷಕ್ಕೆ ಅವರು ಗೋಡೆ ಸವರಿಕೊಂಡು ಹಿತ್ತಲಿಗೆ ಹೋಗುತ್ತಿದ್ದರು, ಹೆಜ್ಜೆ ಸದ್ದಿನಿಂದ ನಮ್ಮನ್ನು ಗುರುತು ಹಿಡಿಯುತ್ತಿದ್ದರು.

ಆ ಬೇಸಿಗೆಯಲ್ಲಿ ಪಿರಿಯಾಪಟ್ಟಣದಲ್ಲಿ ಕಣ್ಣಿನ ತಪಾಸಣೆ ಮಾಡಿದವರು ಮೈಸೂರಿಗೆ ಕಳುಹಿಸಿದರು. ಮೈಸೂರಿನ ಆಸ್ಪತ್ರೆಯಲ್ಲಿ ರಕ್ತ ನೋಡಿದರೆ, ಕೆಲವು ವರ್ಷಗಳಿಂದ ಮಾತ್ರೆ ನುಂಗುತ್ತಿದ್ದರೂ ಸಕ್ಕರೆ ಮುನ್ನೂರರ ಮೇಲಿತ್ತು. ಅಲ್ಲಿನ ಡಾಕ್ಟರು ಹೆಣ್ಣುಮಗಳು, ಒಳ್ಳೆಯ ಮಾತಿನವರು, ಆದರೆ ಸುತ್ತಿಬಳಸುವವರಲ್ಲ.

"ಅಜ್ಜಿ, ನಿಮಗಿರೋದು ಒಂದೇ ಕಣ್ಣು. ಇಷ್ಟು ಸಕ್ಕರೆ ಇಟ್ಕೊಂಡು ನಾನು ಅದಕ್ಕೆ ಕೈ ಹಾಕಲ್ಲ. ಗಾಯ ಕೀವಾದ್ರೆ ಇರೋ ಬೆಳಕೂ ಹೋಗುತ್ತೆ. ಸಕ್ಕರೆ ಇಳಿಸ್ಕೊಂಡು ಬನ್ನಿ. ಹಾಗಂತ ವರ್ಷಗಟ್ಟಲೆ ತಡ ಮಾಡ್ಬೇಡಿ, ಪೊರೆ ಕಲ್ಲಾದ್ರೆ ಕಷ್ಟ."

ಅತ್ತೆ ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಬಿಚ್ಚುತ್ತಿದ್ದರು. ಹೊರಗೆ ಬಂದ ಮೇಲೆ, "ಅಂದ್ರೆ ಇನ್ನು ಕಾಣಕಿಲ್ವಾ?" ಎಂದು ಒಂದೇ ಮಾತು ಕೇಳಿದರು. ನಮ್ಮನೆಯವರು ಬಸ್ ಸ್ಟ್ಯಾಂಡಿನ ಕಡೆ ಮುಖ ತಿರುಗಿಸಿ ನಿಂತರು. ನನಗೆ ಅಳು ಬಂದರೆ ಜೊತೆಗೆ ಕೋಪವೂ ಬರುತ್ತದೆ. "ಕಾಣ್ತೀರಿ, ಯಾಕೆ ಕಾಣಲ್ಲ? ನಾನಿಲ್ವಾ ಇಳಿಸೋಕೆ?" ಎಂದು ಜೋರಾಗಿ ಹೇಳಿಬಿಟ್ಟೆ.

ಹೇಳುವುದು ಸುಲಭ. ಹುಣಸೂರಿನ ಸಕ್ಕರೆ ಕಾಯಿಲೆಯ ಡಾಕ್ಟರು ಹೇಗೆ ಇಳಿಸಬೇಕೆಂದು ವಿವರಿಸಿದಾಗ ನನ್ನ ಧೈರ್ಯ ಅರ್ಧ ಇಳಿಯಿತು. ಮುದ್ದೆ, ಅನ್ನ, ಚಪಾತಿ, ದೋಸೆ ಎಲ್ಲವೂ ಹೊಟ್ಟೆಗೆ ಹೋದ ಮೇಲೆ ಸಕ್ಕರೆಯೇ ಎಂದರು. ಸೊಪ್ಪು, ಕಾಯಿಪಲ್ಯ, ಮೊಟ್ಟೆ, ಮೀನು, ಕೋಳಿ, ಮೊಸರು, ಒಂದು ಹಿಡಿ ಕಡಲೆಕಾಯಿ, ಅಳತೆಯಲ್ಲಿ ಕಾಳು. ಹೊಟ್ಟೆ ಇವುಗಳಿಂದಲೇ ತುಂಬಬೇಕು. "ಮಾತ್ರೆ ಮಾತ್ರ ನೀವಾಗೇ ನಿಲ್ಲಿಸ್ಬೇಡಿ. ಊಟ ಬದಲಾದ್ರೆ ಮಾತ್ರೆನೂ ಬದಲಾಗ್ಬೇಕು, ಅದನ್ನ ನಾನು ನೋಡ್ತೀನಿ, ವಾರ ವಾರ ಬನ್ನಿ" ಎಂದರು. ಹೊರಡುವಾಗ ನಮ್ಮನೆಯವರ ಕಡೆ ನೋಡಿ, "ಊರಿಗೆಲ್ಲ ಹೊಗೆಸೊಪ್ಪು ಬೆಳೆದು ಕೊಡೋರು ನೀವು. ಮನೆಯೋರ ಆರೋಗ್ಯನಾದ್ರೂ ನೋಡ್ಕೊಳ್ಳಿ" ಎಂದು ನಕ್ಕರು. ನಮ್ಮನೆಯವರು ಮೇಲಿದ್ದ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡಿದರು.

ಬಸ್ಸಿನಲ್ಲಿ ಅತ್ತೆ ತೀರ್ಪು ಕೊಟ್ಟರು. "ಇವ ಯಾರೋ ಅನ್ನ ತಿನ್ನೋ ಡಾಕುಟ್ರು ಕಣಮ್ಮಿ. ರಾಗಿ ತಿಂದೋನು ನಿರೋಗಿ ಅಂತ ನಮ್ಮಪ್ಪನೂ ಯೋಳ್ತಿದ್ದ, ಅವರಪ್ಪನೂ ಯೋಳ್ತಿದ್ದ. ಸುಗರ್ ಬಂದೋರ್ಗೇ ಮುದ್ದೆ ತಿನ್ನಿ ಅಂತಾರೆ ಊರಲ್ಲಿ."

ಊರಲ್ಲಿ ಹಾಗೆ ಹೇಳುವುದು ನಿಜ. ಅವರಿಗೆ ಸಕ್ಕರೆ ಕಾಯಿಲೆ ಎಂದು ಮೊದಲು ಗೊತ್ತಾದಾಗ ನಾವು ಮಾಡಿದ್ದೂ ಅದನ್ನೇ. ಇದ್ದ ಒಂದು ತುತ್ತು ಅನ್ನವನ್ನೂ ನಿಲ್ಲಿಸಿ, ಮುದ್ದೆಯನ್ನು ಒಂದರಿಂದ ಎರಡು ಮಾಡಿದ್ದೆವು. ಔಷಧಿಯೆಂದು ತಿಳಿದು ನಾನೇ ಬಡಿಸಿದ್ದೆ, ಅವರು ಔಷಧಿಯೆಂದೇ ನುಂಗಿದ್ದರು.

ಮಳೆ ಹಿಡಿಯಿತು, ಹೊಸ ಊಟವೂ ಶುರುವಾಯಿತು. ಆ ಮಳೆಗಾಲ ನನ್ನ ಕೈ ಹಿಡಿಯಿತೆಂದೇ ಹೇಳಬೇಕು. ಹೊಲದ ಬದುವಿನಲ್ಲಿ ಅಣ್ಣೆಸೊಪ್ಪು, ಹೊನಗೊನೆ, ಹಿತ್ತಲಲ್ಲಿ ನುಗ್ಗೆ. ಗುಡುಗಿದ ಮರುದಿನ ಅಣಬೆ. ಎಚ್.ಡಿ. ಕೋಟೆಯಲ್ಲಿರುವ ನಾದಿನಿ ತನ್ನ ಹಿತ್ತಲ ಬಿದಿರಿನ ಕಳಲೆ ಕತ್ತರಿಸಿ ನೀರಲ್ಲಿ ನೆನೆಹಾಕಿ ಕಳಿಸಿದಳು. ನನ್ನ ತಮ್ಮ ಭೇರ್ಯದಿಂದ ಗದ್ದೆ ಏಡಿ ತಂದುಕೊಟ್ಟ. ಕಣ್ಣು ಕಾಣದ ಅತ್ತೆ ಏಡಿಯ ಕೊಂಡಿಯನ್ನು ಕಟಕ್ಕೆಂದು ಮುರಿದು ಒಳಗಿನದನ್ನು ಇಡಿಯಾಗಿ ಎಳೆದು ತೆಗೆಯುವುದನ್ನು ನೋಡುವುದೇ ಒಂದು ಚೆಂದ. ಆದರೆ ಪ್ರತಿದಿನ ಊಟದ ಹೊತ್ತಿಗೆ ಒಂದು ಜಗಳ ಇದ್ದೇ ಇರುತ್ತಿತ್ತು.

"ಸಾರು ಚೆಂದಾಗದೆ. ಏನ ಅದ್ದಲಿ ಇದ್ರಲ್ಲಿ? ಬೆರಳಾ?"

"ಕುಡೀರಿ ಅತ್ತೆ."

"ಸಾರು ಕುಡಿಯಾಕೆ ನಾನೇನು ಬಾಣಂತಿನಾ?"

ಹಾಗೂ ಹೀಗೂ ಬೈದುಕೊಂಡೇ ತಿಂದರು, ಬೈಸಿಕೊಂಡೇ ನಾನು ಬಡಿಸಿದೆ. ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು, ಬಾಯಾರಿಕೆ ಕಡಿಮೆಯಾದವು. ವಾರ ವಾರ ಸಕ್ಕರೆ ಇಳಿಯುತ್ತ ಬಂತು. ಇನ್ನೇನು ಗೆದ್ದೆವು ಎನ್ನುವಷ್ಟರಲ್ಲಿ ಸೊಪ್ಪು ಮುರಿಯುವ ಕಾಲ ಬಂತು.

ಹೊಗೆಸೊಪ್ಪಿನ ಮನೆಗಳಲ್ಲಿ ಆ ಎರಡು ತಿಂಗಳು ಮನೆಯ ಬಾಗಿಲು ಮುಚ್ಚುವುದೇ ಇಲ್ಲ. ಬೆಳಗ್ಗೆ ಹೊಲದಲ್ಲಿ ಎಲೆ ಮುರಿಯುವುದು, ಆಮೇಲೆ ಬ್ಯಾರನ್ ಮುಂದಿನ ಚಪ್ಪರದಲ್ಲಿ ಹೆಂಗಸರೆಲ್ಲ ಸಾಲಾಗಿ ಕುಳಿತು ಎಲೆಗಳನ್ನು ಉದ್ದನೆಯ ಕಡ್ಡಿಗಳಿಗೆ ಕಟ್ಟುವುದು, ಬ್ಯಾರನ್ ತುಂಬಿ ಬೆಂಕಿ ಹಾಕುವುದು. ಕಡ್ಡಿ ಕಟ್ಟುವವರಿಗೆ ಮಧ್ಯಾಹ್ನದ ಊಟ ಮನೆಯದು. ನಮ್ಮ ಮನೆಯಲ್ಲಿ ಆ ಊಟಕ್ಕೆ ಒಂದು ಪದ್ಧತಿ. ಎಲ್ಲರ ತಟ್ಟೆಗೂ ಮುದ್ದೆ ಬಿದ್ದ ಮೇಲೆ ಮನೆಯ ಹಿರಿಯರು ಅದೇ ಸಾಲಿನಲ್ಲಿ ಕುಳಿತು, ತಮ್ಮ ತಟ್ಟೆಯ ಮುದ್ದೆ ಮುರಿದು, ಅದೇ ಸಾರಿನಲ್ಲಿ ಅದ್ದಿ, ಮೊದಲ ತುತ್ತು ನುಂಗಬೇಕು. ಆಮೇಲೆ "ಉಣ್ಣಿ ಕಣ್ರವ್ವಾ" ಎನ್ನಬೇಕು. ಆಳಿನ ತಟ್ಟೆಗೊಂದು, ಮನೆಯವರ ತಟ್ಟೆಗೊಂದು ಎಂಬ ಭೇದ ಈ ಮನೆಯಲ್ಲಿಲ್ಲ ಎಂದು ತೋರಿಸುವುದಕ್ಕೆ ಮಾವನ ತಾಯಿಯ ಕಾಲದಿಂದ ನಡೆದುಬಂದದ್ದು. ನಮ್ಮ ಮನೆಯ ಕೆಲಸಕ್ಕೆ ಎಂದೂ ಜನ ತಪ್ಪದಿರುವುದಕ್ಕೆ ಇದೇ ಕಾರಣ ಎಂದು ಅತ್ತೆ ನಂಬಿದ್ದರು. ನಾನೂ ನಂಬಿದ್ದೆ.

ಮೊದಲ ದಿನದ ಊಟಕ್ಕೆ ಅತ್ತೆ ಎಂದಿನಂತೆ ಮುದ್ದೆ ಮುರಿದು ಸಾರಿನಲ್ಲಿ ಅದ್ದಿದರು. ನಾನು ಎದುರಿಗೇ ನಿಂತಿದ್ದೆ. ಕೈ ಬಾಯಿಯ ಹತ್ತಿರ ಹೋಗಿ ನಿಂತಿತು. ಆಮೇಲೆ ಆ ತುತ್ತನ್ನು ಮೆಲ್ಲಗೆ ತಟ್ಟೆಯ ಅಂಚಿನಲ್ಲಿಟ್ಟು, ಪಕ್ಕದಲ್ಲಿದ್ದ ಸೊಪ್ಪಿನ ಪಲ್ಯ, ಬೇಯಿಸಿದ ಮೊಟ್ಟೆಗೆ ಕೈ ಹಾಕಿದರು. "ಉಣ್ಣಿ ಕಣ್ರವ್ವಾ" ಎಂದರು, ಆದರೆ ದನಿ ಎಂದಿನಂತಿರಲಿಲ್ಲ. ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಿಂದರು, ನಿಜ. ಆದರೆ ಯಾರೂ ಎರಡನೆಯ ಸಲ ಸಾರು ಕೇಳಲಿಲ್ಲ.

ಮಾರನೆಯ ದಿನ ಜವರಮ್ಮ ಮನೆಯಿಂದ ಬುತ್ತಿ ಕಟ್ಟಿಕೊಂಡು ಬಂದಳು. ಜವರಮ್ಮ ಎಂದರೆ ಅತ್ತೆಯ ಓರಗೆಯವಳು, ನಮ್ಮ ಚಪ್ಪರಕ್ಕೆ ಇಪ್ಪತ್ತು ವರ್ಷದಿಂದ ಬರುತ್ತಿದ್ದವಳು, ಅವಳು ಹೂಂ ಅಂದರೆ ಉಳಿದ ಹೆಂಗಸರೂ ಹೂಂ. ಊಟ ಹಾಕುವ ಮನೆಗೆ ಬುತ್ತಿ ತರುವುದೆಂದರೆ ಕಪಾಳಕ್ಕೆ ಹೊಡೆದ ಹಾಗೆ. "ಯಾಕೆ ಜವರಕ್ಕ?" ಎಂದೆ. "ಒಟ್ಟೆ ಸರಿ ಇಲ್ಲ ಕಣವ್ವ" ಎಂದಳು. ಎರಡು ದಿನದಲ್ಲಿ ಎಲ್ಲರ ಹೊಟ್ಟೆಯೂ ಸರಿ ಇಲ್ಲದೆ ಹೋಯಿತು, ಆರು ಬುತ್ತಿ ಸಾಲಾಗಿ ಕಂಬಕ್ಕೆ ನೇತಾಡಿದವು.

ಊರ ಬಾಯಿಗೆ ಮುಚ್ಚಳ ಉಂಟೆ? ನಾನು ಊರಿನ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ. ಬೆಳಗ್ಗೆ, ಸಂಜೆ ಎರಡು ಹೊತ್ತು ಊರೆಲ್ಲ ಕ್ಯಾನು ಹಿಡಿದು ನನ್ನ ಮುಂದೆ ನಿಲ್ಲುತ್ತದೆ. ನನ್ನ ಬೆನ್ನ ಹಿಂದೆ ಆಡಿದ್ದು ಹಾಲಿನ ಜೊತೆಗೇ ನನಗೆ ಬಂದು ಮುಟ್ಟುತ್ತದೆ. ಚಿಕ್ಕತಾಯಮ್ಮನ ಸೊಸೆ ಅತ್ತೆಗೆ ಮುದ್ದೆ ಇಕ್ಕುತ್ತಿಲ್ಲವಂತೆ. ಅನ್ನ ತಿನ್ನುವ ಊರಿನವಳಲ್ಲವೇ, ಮುದ್ದೆ ತಿರುವಲು ಮೈಭಾರ, ಅದಕ್ಕೆ ಸುಗರ್ ನೆಪವಂತೆ. ಕುರುಡಿಗೆ ಬದುವಿನ ಸೊಪ್ಪು ತಿನ್ನಿಸುತ್ತಾಳಂತೆ. ಪಾಪ, ಹೇಗಿದ್ದ ಜೀವ ಹೇಗೆ ಸೊರಗಿಹೋಯಿತು! ಅತ್ತೆ ಇಳಿದಿದ್ದು ನಿಜವೇ. ಮೈ ಹಗುರವಾಗಿ ಮೊಣಕಾಲು ನೋವು ಕಡಿಮೆಯಾಗಿತ್ತು. ಆದರೆ ನಮ್ಮ ಕಡೆ ಹಗುರವಾಗುವುದು ಎಂಬ ಮಾತೇ ಇಲ್ಲ, ಸೊರಗುವುದು ಮಾತ್ರ ಇರುವುದು.

ನಾನು ಹಲ್ಲು ಕಚ್ಚಿಕೊಂಡು ಸಹಿಸಿದೆ. ಸಹಿಸಲಾಗದ್ದು ಮುಂದಿನ ವಾರ ಹುಣಸೂರಿನಲ್ಲಿ ಆಯಿತು. ಇಳಿಯುತ್ತಿದ್ದ ಸಕ್ಕರೆ ಸರ್ರನೆ ಮೇಲೇರಿತ್ತು. ಡಾಕ್ಟರು ನನ್ನನ್ನೇ ನೋಡಿದರು. ನಾನು ದೇವರಾಣೆ ಮಾಡಿದೆ. ಅದರ ಮುಂದಿನ ವಾರ ಇನ್ನೂ ಏರಿತು. "ಹೀಗಾದ್ರೆ ಆಪರೇಷನ್ ಮಾತು ಮರೆತುಬಿಡಿ" ಎಂದರು. ನಾನು ಹಿಟ್ಟಿನ ಡಬ್ಬವನ್ನು ಮೇಲಿನ ಅಟ್ಟಕ್ಕೇರಿಸಿದೆ, ಬೆಲ್ಲದ ಡಬ್ಬ ಬಚ್ಚಿಟ್ಟೆ. ಅತ್ತೆಯನ್ನು ಕೇಳಿದರೆ, "ನೀ ಇಕ್ಕಿದ್ದ ತಿಂತಿಂವ್ನಿ, ಇನ್ನೇನು?" ಎಂದು ಆ ಮಸುಕು ಕಣ್ಣನ್ನು ಬೇರೆ ಕಡೆ ತಿರುಗಿಸಿದರು.

ಒಂದು ದಿನ ಸಂಜೆ ಡೈರಿಗೆ ಹೊರಟವಳು ಬೀಗದ ಕೈ ಮರೆತು ಅರ್ಧ ದಾರಿಯಿಂದ ಹಿಂದಿರುಗಿದೆ. ಚಪ್ಪರದಲ್ಲಿ ಕಡ್ಡಿ ಕಟ್ಟುವುದು ನಿಂತಿತ್ತು. ನಡುವೆ ಅತ್ತೆ ಕುಳಿತಿದ್ದಾರೆ, ಸುತ್ತ ಆರು ಜನ. ಮಧ್ಯಾಹ್ನ ಉಳಿಸಿಟ್ಟಿದ್ದ ಆರು ಬುತ್ತಿಯೂ ಬಿಚ್ಚಿವೆ. ಜವರಮ್ಮ ತನ್ನ ಬುತ್ತಿಯ ಮುದ್ದೆ ಮುರಿದು ಅತ್ತೆಯ ಅಂಗೈಗೆ ಇಡುತ್ತಿದ್ದಾಳೆ. ನನ್ನನ್ನು ಕಂಡು ಎಲ್ಲರೂ ಇದ್ದಲ್ಲೇ ಕಲ್ಲಾದರು. ಕಾಣದವರು ಅತ್ತೆ ಒಬ್ಬರೇ. ಅವರು ಗಟಕ್ಕನೆ ತುತ್ತು ನುಂಗಿ, "ಇನ್ನೊಂಚೂರು ಸಾರು ಬುಡು ಜವರಿ, ನಿನ್ ಬಸ್ಸಾರು ಅಂದ್ರೆ ಬಸ್ಸಾರು" ಎಂದರು.

ಈಗ ನೆನೆದರೆ ಬಿದ್ದು ಬಿದ್ದು ನಗು ಬರುತ್ತದೆ. ಆಗ ಮಾತ್ರ ಕೋಪ ನೆತ್ತಿಗೇರಿತು.

"ಏನ್ ನಡೀತಾ ಇದೆ ಜವರಕ್ಕ ಇಲ್ಲಿ?"

ಜವರಮ್ಮ ಹೆದರುವವಳಲ್ಲ. ಸೊಂಟಕ್ಕೆ ಕೈಯಿಟ್ಟು ಎದ್ದು ನಿಂತಳು. "ನೀ ಇಕ್ಕಲ್ಲ, ನಾವು ಇಕ್ತೀವಿ. ದಿನಾ ಒಬ್ಬೊಬ್ರು ಇಕ್ತೀವಿ. ಎಷ್ಟು ಜನಕ್ಕೆ ಮುದ್ದೆ ಇಕ್ಕಿದ ಕೈ ಕಣವ್ವ ಅದು! ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ, ತಿಳ್ಕೋ."

"ಅವರಿಗಿರೋದು ಒಂದೇ ಕಣ್ಣು ಜವರಕ್ಕ. ಆಪರೇಷನ್ ಆಗ್ದಿದ್ರೆ ಅದೂ ಹೋಗುತ್ತೆ. ನೀವು ಆರು ಜನ ಸೇರ್ಕೊಂಡು ಅದನ್ನೂ ನುಂಗಿಬಿಡಿ!"

"ಬಾಯ್ಮುಚ್ಚಮ್ಮಿ!" ಅತ್ತೆ ಗದರಿದರು. ಆಮೇಲೆ ದನಿ ಸಣ್ಣದಾಯಿತು. "ಅವ್ರೇನು ಮಾಡ್ತಾರೆ? ಕೈಗೆ ಬಂದ ತುತ್ತ ಬ್ಯಾಡ ಅಂದ್ರೆ ಅವ್ರ ಮನೇನೇ ಬ್ಯಾಡ ಅಂದಂಗಲ್ವಾ? ಎಂಗೆ ಅನ್ಲಿ ಬ್ಯಾಡ ಅಂತ?"

ಅಷ್ಟರಲ್ಲಿ ಬ್ಯಾರನ್ನಿನ ಹಿಂದಿನಿಂದ ನಮ್ಮನೆಯವರು ಬಂದರು. ಇವರು ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಒಂದು ಕೈಯಲ್ಲಿ ಹಸಿ ಎಲೆ, ಇನ್ನೊಂದರಲ್ಲಿ ಬ್ಯಾರನ್ನಿನಿಂದ ಆಗಷ್ಟೇ ಎಳೆದ ಹಳದಿ ತಿರುಗಿದ ಎಲೆ. ಅವ್ವನ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಹಸಿ ಎಲೆಯನ್ನು ಮೂಗಿನ ಹತ್ತಿರ ಹಿಡಿದರು.

"ಇದು ಎಂಗದೆ ಅವ್ವ?"

"ಹಸಿ ವಾಸ್ನೆ. ಕಮಟು."

ಇನ್ನೊಂದನ್ನು ಹಿಡಿದರು. "ಇದು?"

"ಸೀ ವಾಸ್ನೆ. ಬಣ್ಣ ತಿರುಗದೆ. ಇನ್ನೊಂದ್ ದಿನಕ್ಕೆ ಕಾವು ಏರಿಸ್ಬೋದು."

"ಸೊಪ್ಪು ಬೇಯ್ಸೋ ಟ್ರೈನಿಂಗಲ್ಲಿ ಯೋಳಿದ್ರಲ್ಲ ಅವ್ವ, ಹಸಿ ಎಲೆ ಒಳಗೆ ಇರಾದು ಹಿಟ್ಟು. ಮೆಲ್ಲಗೆ ಕಾವು ಕೊಟ್ರೆ ಆ ಹಿಟ್ಟೇ ಸಕ್ಕರೆ ಆಯ್ತದೆ. ಅದ್ಕೇ ಈ ಸೀ ವಾಸ್ನೆ. ಎಲೆಗೆ ಸಕ್ಕರೆ ಹಾಕ್ದೋರು ಯಾರವ್ವ? ಯಾರೂ ಹಾಕ್ನಿಲ್ಲ. ಹಿಟ್ಟೇ ಸಕ್ಕರೆ ಆಯ್ತು."

ಅತ್ತೆ ಎರಡು ಎಲೆಗಳನ್ನೂ ಇಸಿದುಕೊಂಡು ಇದನ್ನೊಮ್ಮೆ ಅದನ್ನೊಮ್ಮೆ ಮೂಸಿದರು. ಜೀವಮಾನವೆಲ್ಲ ಆ ವಾಸನೆಯಲ್ಲೇ ಕಳೆದವರು ಅವರು. ಡಾಕ್ಟರ ಮಾತನ್ನು ತಳ್ಳಿಹಾಕಬಹುದು, ಎಲೆಯ ಮಾತನ್ನು ತಳ್ಳಿಹಾಕುವ ಹಾಗಿಲ್ಲ.

"ಅಂಗಾರೆ ನನ್ನೊಟ್ಟೇನೂ ಬ್ಯಾರನ್ನೇ ಅನ್ನು" ಎಂದರು ಅತ್ತೆ ಕೊನೆಗೆ.

"ಊ ಕಣವ್ವ. ಇವ್ರು ಆರು ಜನ ಸೌದೆ ಹಾಕ್ತಾವ್ರೆ."

ಮೊದಲು ನಕ್ಕವಳು ಜವರಮ್ಮ. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡು ತನ್ನ ಬುತ್ತಿ ಕಟ್ಟಿದಳು. ತಪ್ಪಾಯಿತು ಎಂಬ ಮಾತು ಅವಳ ಬಾಯಿಂದ ಬರಲಿಲ್ಲ, ಬರುತ್ತದೆಂದು ನಾನು ಕಾಯಲೂ ಇಲ್ಲ.

ಆದರೆ ಅತ್ತೆ ಕೇಳಿದ ಪ್ರಶ್ನೆ ಹಾಗೇ ಉಳಿದಿತ್ತು. ಒಂದೇ ಸಾಲಿನಲ್ಲಿ ಎರಡು ಊಟ ಹಾಕಿ ಬೇರೆ ಏನನ್ನೋ ಹಿರಿಯರಿಗೆ ಬಡಿಸಿದವಳು ನಾನು. ಆ ಹೆಂಗಸರು ಮುನಿಸಿಕೊಂಡದ್ದರಲ್ಲಿ ನ್ಯಾಯವಿತ್ತು. ಯೋಚಿಸಿ ಯೋಚಿಸಿ ಕೊನೆಗೆ ಸುಲಭದ ದಾರಿ ಹೊಳೆಯಿತು: ಅತ್ತೆಗೆ ಏನೋ ಅದೇ ಎಲ್ಲರಿಗೂ. ಮಾರನೆಯ ದಿನ ದೊಡ್ಡ ಪಾತ್ರೆಯಲ್ಲಿ ಮೊಟ್ಟೆ ಬೇಯಿಸಿದೆ, ನುಗ್ಗೆಸೊಪ್ಪಿಗೆ ಕಾಯಿ ತುರಿದು ಹಾಕಿ ಪಲ್ಯ ಮಾಡಿದೆ, ಗಟ್ಟಿ ಮೊಸರು. ಮುದ್ದೆಯನ್ನು ಬೇರೆ ತಟ್ಟೆಯಲ್ಲಿಟ್ಟು ಸಾಲಿನ ತುದಿಯಲ್ಲಿರಿಸಿದೆ, ಬೇಕಾದವರು ಆಮೇಲೆ ತೆಗೆದುಕೊಳ್ಳಲಿ ಎಂದು. ನಾನೂ ಅತ್ತೆಯ ಪಕ್ಕದಲ್ಲೇ ಕುಳಿತೆ. ಅತ್ತೆ ಮೊಟ್ಟೆಯನ್ನು ಕೈಯಲ್ಲಿ ಹಿಡಿದು, ಎರಡು ಹೋಳು ಮಾಡಿ, ಉಪ್ಪು ಖಾರಕ್ಕೆ ಅದ್ದಿ ಬಾಯಿಗೆ ಹಾಕಿಕೊಂಡರು. ಅದನ್ನು ನುಂಗಿ, ಹಳೆಯ ದನಿಯಲ್ಲಿ "ಉಣ್ಣಿ ಕಣ್ರವ್ವಾ" ಎಂದರು. ಬ್ಯಾರನ್ನಿನಿಂದ ಸಿಹಿ ವಾಸನೆ ಬರುತ್ತಿತ್ತು, ಚಪ್ಪರದ ಮೇಲೆ ಮಳೆ ಬೀಳುತ್ತಿತ್ತು. ಅಷ್ಟು ರುಚಿಯ ಮೊಟ್ಟೆಯನ್ನು ನಾನು ಮತ್ತೆ ತಿಂದಿಲ್ಲ.

ಶ್ರಾವಣದ ಶನಿವಾರ, ಸೋಮವಾರಗಳಲ್ಲಿ ಮೊಟ್ಟೆ ಇಲ್ಲ. ಹುರಿದ ಕಡಲೆಕಾಯಿ, ತೆಂಗಿನಕಾಯಿ ಚೂರು ನಡೆಯಿತು. ಬುತ್ತಿಗಳು ಮತ್ತೆ ಕಂಬಕ್ಕೇರಲಿಲ್ಲ. ಕಾವಲು ಕೂಡ ಆ ಹೆಂಗಸರೇ ವಹಿಸಿಕೊಂಡರು. ಗೌರಿ ಹಬ್ಬದ ದಿನ ಯಾರೋ ಪಕ್ಕದ ಮನೆಯವರು ಒಬ್ಬಟ್ಟು ತಂದು ಅತ್ತೆಯ ಕೈಗಿಡಲು ಹೋದರೆ ಜವರಮ್ಮ ನಡುವೆ ಕೈ ಹಾಕಿ, "ಅಲ್ಲಿ ಇಕ್ಬ್ಯಾಡಿ, ಬ್ಯಾರನ್ ಕಾವು ಏರ್ತದೆ, ಇಲ್ಲಿ ತನ್ನಿ" ಎಂದು ತನ್ನ ಬಾಯಿಗೇ ಹಾಕಿಕೊಂಡಳು. ನಾನೂ ಆ ಚಪ್ಪರದ ದಿನದಿಂದ ಅತ್ತೆಯ ಊಟವನ್ನೇ ಉಂಡೆ. ಹೆಣ್ಣುಮಕ್ಕಳು ಪತ್ರಿಕೆ ನೋಡಿ ಮಾಡುವ ಡಯಟ್ಟು ಅಲ್ಲ ಅದು, ಎರಡು ತಟ್ಟೆ ಒಂದೇ ಆಗಿರಲಿ ಎಂದಷ್ಟೆ. ಅನ್ನ ನೆನಪಾಗುತ್ತಿರಲಿಲ್ಲವೇ ಎಂದರೆ, ನೆನಪಾಗುತ್ತಿತ್ತು. ಭೇರ್ಯದ ಹೊಸ ಅಕ್ಕಿಯ ಗಂಜಿಯ ಘಮ ಕನಸಿನಲ್ಲೂ ಬಂದಿದೆ. ಆದರೆ ಮಧ್ಯಾಹ್ನ ಉಂಡ ಮೇಲೆ ಕಣ್ಣು ಎಳೆಯುವುದು ನಿಂತಿತು, ರವಿಕೆಗಳನ್ನೆಲ್ಲ ಹಿಡಿದು ಹೊಲಿಯಬೇಕಾಯಿತು, ನಮ್ಮನೆಯವರು ಒಂದು ದಿನ ನನ್ನನ್ನು ಎರಡು ಸಲ ನೋಡಿದರು.

ಸಕ್ಕರೆ ಇಳಿಯಿತು. ಇಳಿದದ್ದು ನಿಂತಿತು. ಹುಣಸೂರಿನ ಡಾಕ್ಟರು ಒಂದು ಮಾತ್ರೆ ತೆಗೆದರು, ಆಮೇಲೆ ಇನ್ನೊಂದನ್ನು ಅರ್ಧ ಮಾಡಿದರು. ಕೊನೆಯ ಬ್ಯಾರನ್ನಿನ ಬೆಂಕಿ ಆರಿ, ದಸರಾ ಮುಗಿದ ಮೇಲೆ ಮೈಸೂರಿನವರು ದಿನ ಕೊಟ್ಟರು.

ಆಗ ನನಗೆ ಭಯ ಶುರುವಾಯಿತು. ಅಲ್ಲಿಯವರೆಗೆ ಸಕ್ಕರೆ, ಸೊಪ್ಪು, ಜಗಳಗಳಲ್ಲಿ ಮುಳುಗಿದ್ದವಳಿಗೆ ಆಪರೇಷನ್ ಎಂಬುದು ಬಹಳ ದೂರದ ಮಾತಾಗಿತ್ತು. ಈಗ ಎದುರಿಗೇ ಬಂದು ನಿಂತಿತು. ಇರುವ ಮಂಜು ಬೆಳಕೂ ಹೋದರೆ? "ಕಾಣ್ತೀರಿ" ಎಂದು ಬಸ್ ಸ್ಟ್ಯಾಂಡಿನಲ್ಲಿ ಕೂಗಿದವಳು ನಾನೇ ಅಲ್ಲವೇ? ಊರು ಏನನ್ನುತ್ತದೋ ಎಂಬುದು ಆಗ ನೆನಪಿಗೂ ಬರಲಿಲ್ಲ. ಅತ್ತೆ ಮಾತ್ರ ಒಳಗೆ ಕರೆದೊಯ್ಯುವಾಗ ನನ್ನ ಕೈ ಹುಡುಕಿ ಹಿಡಿದು, "ಯಾಕಮ್ಮಿ ನಡುಗ್ತೀಯಾ? ಓಗಾದು ನನ್ ಕಣ್ಣಲ್ವಾ" ಎಂದು ನಗಿಸಲು ನೋಡಿದರು. ನನಗೆ ನಗು ಬರಲಿಲ್ಲ.

ಮಾರನೆಯ ಬೆಳಗ್ಗೆ ಆ ಡಾಕ್ಟರಮ್ಮ ಬಂದು ಪಟ್ಟಿ ಬಿಚ್ಚಿದರು. ಔಷಧಿಯ ಹನಿ ಹಾಕಿ, ಹತ್ತಿಯಿಂದ ರೆಪ್ಪೆ ಒರೆಸಿ, "ಮೆಲ್ಲಗೆ ತೆಗೀರಿ ಅಜ್ಜಿ" ಎಂದರು. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಅತ್ತೆ ಮೊದಲು ಕಿಟಕಿಯನ್ನು ನೋಡಿದರು. ಆಮೇಲೆ ಗೋಡೆ, ಆಮೇಲೆ ಬಾಗಿಲ ಹತ್ತಿರ ನಿಂತಿದ್ದ ಮಗನನ್ನು. "ಕೈ ಕಟ್ಟಿ ಯಾಕ್ ನಿಂತಿದ್ದೀಯಲಾ, ಮದುವೆ ಗಂಡಿನಂಗೆ" ಎಂದರು. ಅಷ್ಟು ಸಾಕಾಯಿತು, ನಮ್ಮನೆಯವರು ಹೊರಗೆ ಓಡಿದರು.

ಆಮೇಲೆ ನನ್ನ ಕಡೆ ತಿರುಗಿದರು. ಬಹಳ ಹೊತ್ತು ನೋಡಿದರು. "ಇತ್ತ ಬಾ, ಬೆಳಕಿಗೆ ಬಾ" ಎಂದರು. ಹೋಗಿ ಮಂಚದ ಪಕ್ಕ ಬಗ್ಗಿದೆ. ಗದ್ದ ಹಿಡಿದು ನನ್ನ ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ಬೈತಲೆಯ ಉದ್ದಕ್ಕೂ ಬೆರಳು ಆಡಿಸಿದರು.

"ನಿನ್ ತಲೆ ಯಾವಾಗ ನೆರೀತಮ್ಮಿ?"

"ಯಾವಾಗ್ಲೋ ಆಯ್ತು ಅತ್ತೆ. ನಾಲ್ಕು ವರ್ಷ ಆಗಿರ್ಬೇಕು."

ಅತ್ತೆಯ ಬೆರಳು ಹಾಗೇ ನಿಂತಿತು. "ಮೂರೊತ್ತೂ ನೀ ಇಕ್ಕಿದ್ದ ಉಣ್ತಿದ್ದೆ" ಎಂದರು. "ಯಾರು ಇಕ್ತಾವ್ರೆ ಅಂತ ಮಕ ನೋಡಿರ್ನಿಲ್ಲ ಕಣಮ್ಮಿ."

ಕಣ್ಣಿಗೆ ಕೈ ತಾಗಿಸಬಾರದು, ಅಳಬಾರದು ಎಂದು ಡಾಕ್ಟರು ಅವರಿಗೆ ಕಟ್ಟಪ್ಪಣೆ ಮಾಡಿದ್ದರು. ಅವರು ಅಳಲಿಲ್ಲ. ಅವರ ಪಾಲಿನದನ್ನೂ ಸೇರಿಸಿ ನಾನೇ ಅತ್ತೆ.